ಅಭ್ಯಂತರ ಇಲ್ಲ

ಒಂದೇ ಜಾಗದಲ್ಲಿ ಏಳದೆ ಕೂರುವುದು ನನಗೆ ಚಿಕ್ಕಂದಿನಿಂದಲೂ ಅಭ್ಯಾಸ. ಮದುವೆ ಮನೆಯಲ್ಲಿ, ನೆಂಟರ ಮನೆಯಲ್ಲಿ, ಶಾಲೆಯ ಆಟದ ಪಿರಿಯಡ್ಡಿನಲ್ಲಿ, "ನೀನಿಲ್ಲೇ ಕೂತಿರು, ಈಗ ಬಂದ್ವಿ" ಎಂದು ಹೇಳಿ ಹೋದವರನ್ನು ಕಾಯುತ್ತ ನಾನು ಕೂತಷ್ಟು ನಮ್ಮ ಯಲಹಂಕದಲ್ಲಿ ಇನ್ನೊಬ್ಬರು ಕೂತಿರಲಾರರು. ಆ ಅಭ್ಯಾಸವೇ ನನ್ನನ್ನು ರಾಜಕೀಯಕ್ಕೆ ತಂದಿತು ಎಂದರೆ ನೀವು ನಗಬಹುದು. ನಗಿ. ನಾನೂ ಮೊದಮೊದಲು ನಕ್ಕಿದ್ದೆ.

ಎಂಬತ್ತರ ದಶಕದ ಶುರುವಿನ ಮಾತು. ನನಗೆ ಇಪ್ಪತ್ತೈದು. ಎರಡು ವರ್ಷದವಳಿದ್ದಾಗ ಬಂದ ಪೋಲಿಯೋ ಎಡಗಾಲನ್ನು ಪೂರ್ತಿ, ಬಲಗಾಲನ್ನು ಅರ್ಧ ಕೆಡಿಸಿ ಹೋಗಿತ್ತು. ಎಡಗಾಲಿಗೆ ಕಬ್ಬಿಣದ ಸರಳು, ಚರ್ಮದ ಪಟ್ಟಿ ಇರುವ ಕ್ಯಾಲಿಪರ್, ಕೈಯಲ್ಲೊಂದು ಊರುಗೋಲು. ನಡೆದರೆ ಟಕ್ ಟಕ್ ಎಂದು ಬೀದಿಯ ಕೊನೆಯವರೆಗೆ ಕೇಳುತ್ತಿತ್ತು. ಅಪ್ಪ ಬಿಜಾಪುರದ ಕಡೆಯಿಂದ ಬಂದವರು, ಹೆಬ್ಬಾಳದ ಒಂದು ಕಾಲೇಜಿನಲ್ಲಿ ಗುಮಾಸ್ತರು. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಸಂಜೆಯೇ ಬರುತ್ತಿದ್ದದ್ದು. ಅವ್ವನ ಮಾತು ಪೇಟೆಯ ಹೆಂಗಸರಿಗೆ ಅರ್ಥವಾಗುತ್ತಿರಲಿಲ್ಲ, ಅವರ ಮಾತು ಅವ್ವನಿಗೆ ರುಚಿಸುತ್ತಿರಲಿಲ್ಲ. ಅವಳು ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ನಾನು ಕಿಟಕಿಯಲ್ಲಿ ಕೂತಿರುತ್ತಿದ್ದೆ. ಮನೆಯಲ್ಲೇ ಓದಿ ಬಿ.ಎ. ಪಾಸು ಮಾಡಿದ್ದೆ. ಪಾಸಾದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ, ಕೇಳಲೂ ಇಲ್ಲ. ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಆಗ ನನಗೆ ಸುಮ್ಮನೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು, ಹಾಗಾಗಿ ಅವ್ವನ ಮೇಲೆ ತೀರಿಸುತ್ತಿದ್ದೆ.

ಆ ವರ್ಷ ವಿಧಾನಸಭೆಯ ಚುನಾವಣೆ ಬಂತು. ಒಂದು ಭಾನುವಾರ ಪಕ್ಷವೊಂದರ ಏಳೆಂಟು ಜನ ವೋಟು ಕೇಳಿಕೊಂಡು ನಮ್ಮ ಮನೆಗೆ ಬಂದರು. ಅಪ್ಪನಿಗೆ ಕೈ ಮುಗಿದರು, ಅವ್ವನಿಗೆ ಕೈ ಮುಗಿದರು, ಕಿಟಕಿಯಲ್ಲಿದ್ದ ನನ್ನನ್ನು ದಾಟಿ ಪಕ್ಕದ ಮನೆಯತ್ತ ಹೊರಟರು. ನನಗೆ ಮೈಯೆಲ್ಲ ಉರಿಯಿತು.

"ನಂದೂ ಒಂದು ವೋಟಿದೆ ಕಣ್ರೀ," ಎಂದು ಕೂಗಿದೆ. "ವೋಟು ಹಾಕೋ ಶಾಲೆಗೆ ಏಳು ಮೆಟ್ಟಿಲು ಇದೆ. ಹೋದ ಸಲ ಅದಕ್ಕೇ ಹಾಕೋಕಾಗ್ಲಿಲ್ಲ. ಅದಕ್ಕೇನು ಮಾಡ್ತೀರ ಹೇಳಿ, ಆಮೇಲೆ ವೋಟು ಕೇಳಿ."

ಗುಂಪಿನ ಮುಂದಾಳು ತಿರುಗಿ ನಿಂತ. ಪೇಟೆಯಲ್ಲಿ ಸೌದೆ ಡಿಪೋ ಇಟ್ಟಿದ್ದ ಐವತ್ತರ ಆಸುಪಾಸಿನ ಮನುಷ್ಯ, ಪಕ್ಷದ ಸ್ಥಳೀಯ ಕಾರ್ಯದರ್ಶಿ. ನಕ್ಕ. ಗೇಲಿಯ ನಗುವಲ್ಲ, ಅಂಗಡಿಯಲ್ಲಿ ಒಳ್ಳೆಯ ಸಾಮಾನು ಕಂಡಾಗ ಬರುವ ನಗು. "ಅಬ್ಬಬ್ಬಾ, ಏನ್ ಮಾತಾಡ್ತದೆ ಈ ಮಗ! ಅಕ್ಷರ ಎಂಗವ್ವ ನಿಂದು? ದುಂಡಗೈತಾ? ನಾಳೆ ಡಿಪೋ ತಾವ್ ಬಾ. ಬರಿಯೋರು ಬೇಕು ನಮ್ಗೆ."

"ಯಾಕ ಬೇಕವಾ ಇದೆಲ್ಲ? ಮಂದಿ ಏನಂತಾರ?" ಎಂದಳು ಅವ್ವ. ಮಂದಿ ನನ್ನ ಬಗ್ಗೆ ಏನೂ ಅನ್ನದೆ ಇಪ್ಪತ್ತು ವರ್ಷ ಕಳೆದಿತ್ತು. ಏನಾದರೂ ಅಂದರೆ ಅನ್ನಲಿ ಎಂದು ಮರುದಿನ ಹೊರಟೆ.

ಸೌದೆ ಡಿಪೋದ ಮುಂದಿನ ಕೋಣೆಯೇ ಪಕ್ಷದ ಕಚೇರಿ. ಅಲ್ಲಿ ನನಗೊಂದು ಕುರ್ಚಿ, ಒಂದು ಮೇಜು, ಮತದಾರರ ಪಟ್ಟಿಯ ಕಟ್ಟು ಸಿಕ್ಕಿತು. ಕಾರ್ಬನ್ ಇಟ್ಟು ನಕಲು ತೆಗೆಯುವುದು, ಬೀದಿವಾರು ವಿಂಗಡಿಸುವುದು, ಮನೆಮನೆಗೆ ಹಂಚುವ ಚೀಟಿ ಬರೆಯುವುದು ನನ್ನ ಕೆಲಸ. ಎರಡು ವಾರದಲ್ಲಿ ನಾನು ಕಾಲಿಡದ ಬೀದಿಗಳೆಲ್ಲ ನನಗೆ ಬಾಯಿಪಾಠವಾದವು. ಯಾವ ಮನೆಯಲ್ಲಿ ಎಷ್ಟು ವೋಟು, ಯಾರು ಸತ್ತಿದ್ದಾರೆ, ಯಾರ ಸೊಸೆಯ ಹೆಸರು ಇನ್ನೂ ಸೇರಿಲ್ಲ, ಎಲ್ಲ ಗೊತ್ತು. ಹುಣಸಮಾರನಹಳ್ಳಿ ಕಡೆಗೆ ಪ್ರಚಾರಕ್ಕೆ ಹೋಗುವ ಜೀಪು ಬಂದು ನಿಂತರೆ, "ಅಕ್ಕನ್ನ ಕೇಳ್ರೋ, ಚೀಟಿ ಅಕ್ಕನ ಅತ್ರ ಅವೆ," ಎಂದು ಯಾರಾದರೂ ಕೂಗುತ್ತಿದ್ದರು. ಅಕ್ಕ ಎಂದರೆ ನಾನು. ಒಂದು ದಿನ ಜ್ವರ ಬಂದು ಹೋಗದಿದ್ದಾಗ ಯಾಕೆ ಬರಲಿಲ್ಲ ಎಂದು ವಿಚಾರಿಸಲು ಒಬ್ಬರು ಮನೆಗೆ ಬಂದರು. ನನ್ನನ್ನು ಹುಡುಕಿಕೊಂಡು ಒಬ್ಬರು ಬಂದದ್ದು ಅದೇ ಮೊದಲು. ಅವರು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿ ಅತ್ತೆ. ಅಷ್ಟಕ್ಕೇ ಅಳುವಷ್ಟು ಬರಗೆಟ್ಟಿದ್ದೆ ನಾನು.

ಪಟ್ಟಿ ಬರೆಯುತ್ತ ಬರೆಯುತ್ತ ನನಗೊಂದು ಯೋಚನೆ ಬಂತು. ಇಷ್ಟೊಂದು ಹೆಸರಿನಲ್ಲಿ ನನ್ನಂಥವರು ಎಷ್ಟಿರಬಹುದು? ಅಂಗವಿಕಲರ ವರ್ಷ ಎಂದು ಸರ್ಕಾರ ಆಗತಾನೆ ಒಂದು ವರ್ಷ ಆಚರಿಸಿ ಮುಗಿಸಿತ್ತು. ವರ್ಷ ಮುಗಿದಿತ್ತು, ನಾವು ಮಾತ್ರ ಹಾಗೇ ಉಳಿದಿದ್ದೆವು. ಎಲ್ಲರನ್ನೂ ಪತ್ತೆ ಮಾಡಿ ಒಂದು ಪಟ್ಟಿ ಮಾಡೋಣ, ಶಾಲೆಯ ಮೆಟ್ಟಿಲಿಗೆ ಇಳಿಜಾರು ಬೇಕೆಂದು ಎಲ್ಲರೂ ಸಹಿ ಹಾಕಿ ಅರ್ಜಿ ಕೊಡೋಣ, ಚುನಾವಣೆ ಮುಗಿದ ಮೇಲೆ ಒಂದು ಸಂಘ ಕಟ್ಟೋಣ ಎಂದು ಕಾರ್ಯದರ್ಶಿಗೆ ಹೇಳಿದೆ. "ಮಾಡವ್ವ, ಮಾಡು. ಒಳ್ಳೆ ಕೆಲ್ಸ," ಎಂದ.

ಹೊರಟೆ. ಒಂದು ನೋಟ್‌ಬುಕ್ಕು, ಹೆಗಲಿಗೆ ಜೋಳಿಗೆ. ದಿನಕ್ಕೆ ಎರಡು ಬೀದಿಗಿಂತ ಹೆಚ್ಚು ಆಗುತ್ತಿರಲಿಲ್ಲ, ಕ್ಯಾಲಿಪರಿನ ಪಟ್ಟಿ ತೊಡೆಯ ಚರ್ಮ ಸುಲಿಯುತ್ತಿತ್ತು. "ನಮ್ಮನೇಲಿ ಅಂಥೋರು ಯಾರೂ ಇಲ್ಲ" ಎಂದು ಬಾಗಿಲಲ್ಲೇ ಹೇಳಿಬಿಡುವವರು. ಹೇಳುತ್ತಿರುವಾಗಲೇ ಒಳಗಿನ ಕೋಣೆಯಿಂದ ಒಂದು ತಲೆ ಇಣುಕುತ್ತಿತ್ತು. ನಾನು ವಾದಿಸುತ್ತಿರಲಿಲ್ಲ. ಕ್ಯಾಲಿಪರ್ ಇರುವ ಕಾಲನ್ನು ಮುಂದಕ್ಕೆ ಚಾಚಿ ಜಗಲಿಯ ಮೇಲೆ ಕೂತು ನೀರು ಕೇಳುತ್ತಿದ್ದೆ. ನೀರು ತರುವ ಹೊತ್ತಿಗೆ ಅವರ ಮುಖ ಬೇರೆಯಾಗಿರುತ್ತಿತ್ತು. ಬೇರೆ ಯಾರೇ ಹೋಗಿದ್ದರೂ ತೆರೆಯದ ಬಾಗಿಲುಗಳು ನನಗೆ ತೆರೆದವು. ಹದಿನೇಳು ಹೆಸರು ಸಿಕ್ಕವು. ನನ್ನದು ಸೇರಿಸಿ ಹದಿನೆಂಟು.

ಆ ಹದಿನೇಳರಲ್ಲಿ ಒಬ್ಬಳು ಟೈಲರ್. ಕುಂಬಾರರ ಬೀದಿಯಲ್ಲಿ ಅಣ್ಣನ ಮನೆಯ ಹಜಾರದ ಮೂಲೆಯಲ್ಲಿ ಕೈಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ನಲವತ್ತಕ್ಕೆ ಹತ್ತಿರದ ವಯಸ್ಸು. ಎರಡೂ ಕಾಲು ಪೂರ್ತಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಬೇರಿಂಗ್ ಚಕ್ರ ಹಾಕಿದ ಒಂದು ಹಲಗೆಯ ಮೇಲೆ ಕೂತು, ಕೈಯಲ್ಲಿ ನೆಲ ಒತ್ತಿ ಒತ್ತಿ ಓಡಾಡುತ್ತಿದ್ದಳು. ಅವಳ ತೋಳುಗಳು ಗರಡಿಮನೆ ಪೈಲ್ವಾನರ ತೋಳಿನ ಹಾಗಿದ್ದವು. ನನ್ನ ಕ್ಯಾಲಿಪರನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಪಟ್ಟಿ ಒಲಿದೋನ್ ಯಾವನವ್ವ? ಕೈ ಮುರಿಯ! ಬಿಚ್ಚಿಲ್ಲಿ," ಎಂದು ಒಳಗಡೆ ಮೆತ್ತನೆ ಬಟ್ಟೆ ಇಟ್ಟು ಹೊಲಿದುಕೊಟ್ಟಳು. ಅವತ್ತಿನಿಂದ ತೊಡೆಯ ಗಾಯ ಮಾಯತೊಡಗಿತು. ನಾನು ದಿನವೂ ಅಲ್ಲಿಗೆ ಹೋಗಲು ನೆಪ ಹುಡುಕತೊಡಗಿದೆ.

ಮೂರು ಚುನಾವಣೆಯಿಂದ ಅವಳ ಹೆಸರು ಪಟ್ಟಿಯಲ್ಲಿತ್ತು. ಒಂದು ಸಲವೂ ಹೋಗಿರಲಿಲ್ಲ. "ಯಾರೋ ಆಕ್ಬುಟ್ಟಿರ್ತಾರೆ, ನೀನ್ಯಾಕ್ ಒದ್ದಾಡ್ತೀಯ ಅಂತಾಳೆ ನಮ್ಮತ್ಗೆ," ಎಂದಳು. ಆಮೇಲೆ ಮೆಷಿನ್ ನಿಲ್ಲಿಸಿ ಕೇಳಿದಳು, "ಒಳೀಕೆ ಎಂಗಿರ್ತದೆ?"

"ಗೊತ್ತಿಲ್ಲ ಅಕ್ಕ. ನಾನೂ ಹೋಗಿಲ್ಲ."

"ಅಯ್ಯೋ ನಿನ್ನ! ಮತ್ತೆ ನನ್ಗೇನ್ ಯೋಳಾಕ್ ಬಂದೆ ನೀನು?" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತಿಗೆ ಒಳಗಿನಿಂದ ಬಂದು ನೋಡಿ ಹೋದಳು.

ಕಾರ್ಯಕರ್ತರಿಗೆ ಕಚೇರಿಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ನಾನು ಅವಳಿಗೆ ಹೇಳಿಕೊಟ್ಟೆ. ಒಂದು ಹಾಳೆಯಲ್ಲಿ ಮರ, ಕೊಡ, ಗಡಿಯಾರ ಎಂದು ಸುಳ್ಳುಸುಳ್ಳೇ ಚಿಹ್ನೆ ಬರೆದೆ. ಅವಳು ಷರ್ಟಿನ ದೊಡ್ಡ ಗುಂಡಿಯೊಂದಕ್ಕೆ ಮಸಿ ಸವರಿ ಮುದ್ರೆ ಒತ್ತಿದಳು. ಹಾಳೆಯನ್ನು ಮೊದಲು ಉದ್ದಕ್ಕೆ ಮಡಚಬೇಕು. ಅಡ್ಡಕ್ಕೆ ಮಡಚಿದರೆ ಹಸಿ ಮಸಿ ಕೆಳಗಿನವನ ಚಿಹ್ನೆಗೂ ಅಂಟಿ ವೋಟು ಕೆಟ್ಟುಹೋಗುತ್ತದೆ. ಒಂದು ಸಲ ಹೇಳಿದ್ದೇ ಸಾಕಾಯಿತು, ಬಟ್ಟೆ ಮಡಚುವ ಕೈ ಅದು. ಮತಗಟ್ಟೆಯ ಮೇಜು ಎಟುಕುವುದಿಲ್ಲವಲ್ಲ ಎಂದಾಗ, "ನೆಲದ ಮ್ಯಾಲೆ ಇಟ್ಕಂಡು ಒತ್ತುತೀನಿ, ಅದ್ಯಾರ್ ಬ್ಯಾಡ ಅಂತಾರೆ?" ಎಂದಳು. ಯಾರಿಗೆ ಹಾಕುತ್ತೀಯ ಎಂದು ಕೇಳಿದೆ. "ಅದ್ನ ಯಾರ್ಗೂ ಯೋಳ್ಬಾರ್ದು ಅಂತ ನೀನೇ ಅಲ್ವಾ ಅಂದಿದ್ದು?" ಎಂದು ಹುಬ್ಬು ಹಾರಿಸಿದಳು.

ನನ್ನನ್ನು ಮತಗಟ್ಟೆಯ ಏಜೆಂಟ್ ಮಾಡಿರುವ ಸುದ್ದಿ ಮೊದಲು ಹೇಳಿದ್ದೂ ಅವಳಿಗೇ. ಏಜೆಂಟ್ ಎಂದರೆ ಪಕ್ಷದ ಪರವಾಗಿ ಒಳಗೆ ಕೂತು, ಬಂದವರು ನಿಜವಾದ ಮತದಾರರೋ ಅಲ್ಲವೋ ನೋಡಿ ಪಟ್ಟಿಯಲ್ಲಿ ಗುರುತು ಹಾಕುವವನು. ತಪ್ಪು ಕಂಡರೆ ಅಧಿಕಾರಿಗೆ ಅಭ್ಯಂತರ ಹೇಳಬೇಕು. "ಬೆಳಿಗ್ಗೆ ಏಳ್ರಿಂದ ಸಂಜೆ ಐದ್ರ ಗಂಟ ಅಲ್ಲಾಡ್ದೆ ಕುಂತ್ಕಣೋರು ನಿನ್ ಬುಟ್ರೆ ಯಾರವ್ರೆ?" ಎಂದು ಕಾರ್ಯದರ್ಶಿ ಹೇಳಿದ್ದನ್ನು ನಾನು ಬಿರುದು ಸಿಕ್ಕವಳ ಹಾಗೆ ಅವಳ ಮುಂದೆ ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ, "ನೀನ್ ಒಳ್ಗಿರ್ತೀಯ ಅಂದ್ರೆ ಸರಿ ಬುಡು. ನಂಗೇನ್ ಭಯ?" ಎಂದಳು.

ಇಳಿಜಾರಿನ ಅರ್ಜಿ ಬರೆದು, ಹದಿನೆಂಟು ಸಹಿ ಮತ್ತು ಹೆಬ್ಬೆಟ್ಟು ಹಾಕಿಸಿ ಕಾರ್ಯದರ್ಶಿಯ ಕೈಗೆ ಕೊಟ್ಟಿದ್ದೆ. ತಾಲೂಕು ಕಚೇರಿಗೆ ತಲುಪಿಸುವೆ ಎಂದಿದ್ದ. ತಲುಪಿಸಿದನೋ, ಸೌದೆ ಒಲೆಗೆ ಹಾಕಿದನೋ, ಇವತ್ತಿಗೂ ತಿಳಿಯದು. ಮತದಾನಕ್ಕೆ ಎರಡು ದಿನ ಇರುವಾಗ ಕರೆದು ಹೇಳಿದ, "ಇಳಿಜಾರು ಗಿಳಿಜಾರು ಈಗ ಆಗಾಕಿಲ್ಲ ಕಣವ್ವ. ಒಂದ್ ಕೆಲ್ಸ ಮಾಡು. ಒಬ್ಬೊಬ್ರಿಗೂ ನಮ್ಮೋರು ಒಬ್ರು ಜೋಡಿ. ಎತ್ಕಂಡ್ ಓಗಿ ಎತ್ಕಂಡ್ ಬತ್ತಾರೆ. ನೀನೇ ಕುಂತ್ಕಂಡು ಜೋಡಿ ಮಾಡ್ಕೊಡು. ಒಬ್ರಿಗೆ ಒಬ್ರೇ, ಇನ್ನೊಂದ್ ಸಲ ಅದೇ ಎಸ್ರು ಬರ್ಬಾರ್ದು. ಎಲ್ರಿಗೂ ಇಪ್ಪತ್ತೊಂದ್ ದಾಟಿರ್ಬೇಕು, ನೋಡ್ಕೊ."

ಎತ್ತಿಕೊಂಡು ಹೋಗುವುದಕ್ಕೆ ಇಪ್ಪತ್ತೊಂದು ಯಾಕೆ? ಒಬ್ಬನೇ ಇಬ್ಬರನ್ನು ಎತ್ತಿದರೆ ಏನು ಕೆಡುತ್ತದೆ? ಈ ಪ್ರಶ್ನೆ ನನ್ನ ತಲೆಗೆ ಬಂತು. ಬಂದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹದಿನೇಳು ಜನ ಏಳು ಮೆಟ್ಟಿಲು ಹತ್ತುತ್ತಾರೆ ಎಂಬ ಸಂತೋಷದಲ್ಲಿ ಅದನ್ನು ಕೇಳಲಿಲ್ಲ. ಹಾಳೆಗೆ ಗೆರೆ ಎಳೆದು ಎಡಗಡೆ ನಮ್ಮವರ ಹೆಸರು, ಬಲಗಡೆ ಕಾರ್ಯಕರ್ತರ ಹೆಸರು ಬರೆದೆ. ಭಾರ ಇರುವವರಿಗೆ ಗಟ್ಟಿಯವರನ್ನು, ಕಣ್ಣಿಲ್ಲದ ಅಜ್ಜಿಗೆ ಅವಳ ಪಕ್ಕದ ಮನೆಯವಳನ್ನು, ಸಂಕೋಚದ ಹೆಂಗಸರಿಗೆ ಹೆಂಗಸರನ್ನೇ. ಟೈಲರಿಗೆ ಮಹಿಳಾ ವಿಭಾಗದ ಒಬ್ಬ ಮೃದು ಮಾತಿನ, ಒಳ್ಳೆ ಮೈಕಟ್ಟಿನ ಹೆಂಗಸನ್ನು ಆರಿಸಿದೆ. ಸಂಬಂಧ ಕುದುರಿಸುವವರ ಹಾಗೆ ಒಂದು ಮಧ್ಯಾಹ್ನ ಪೂರ್ತಿ ಯೋಚಿಸಿ ಮಾಡಿದೆ. ಅಷ್ಟು ಮುತುವರ್ಜಿಯಿಂದ ನಾನು ಬೇರೆ ಯಾವ ಹಾಳೆಯನ್ನೂ ಬರೆದಿಲ್ಲ.

ಮತದಾನದ ದಿನ ಆರೂವರೆಗೇ ನನ್ನನ್ನು ಕುರ್ಚಿಸಮೇತ ಎತ್ತಿ ಒಳಗಿಟ್ಟರು. ಖಾಲಿ ಪೆಟ್ಟಿಗೆ ತೋರಿಸಿ, ಅರಗಿನ ಮುದ್ರೆ ಹಾಕಿದರು. ನನ್ನ ಪಕ್ಕದಲ್ಲಿ ಎದುರು ಪಕ್ಷದ ಏಜೆಂಟ್, ಒಬ್ಬ ನಿವೃತ್ತ ಮೇಷ್ಟ್ರು. ಮತಗಟ್ಟೆಯ ಅಧಿಕಾರಿ ಬೇರೆ ಊರಿನವರು, ದಪ್ಪ ಕನ್ನಡಕ, ಸೌಮ್ಯ ಮುಖ. ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ನಾನು ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ. ಬದುಕಿನಲ್ಲಿ ಮೊದಲ ಸಲ, ಕೂತಿರುವುದೇ ಕೆಲಸವಾಗಿತ್ತು.

ಕಣ್ಣಿಲ್ಲದ ಅಜ್ಜಿ ಮೊದಲು ಬಂದಳು. ಜೊತೆಗಿದ್ದವಳು ಅಧಿಕಾರಿಯ ಮುಂದೆ ಒಂದು ಫಾರಂಗೆ ಸಹಿ ಹಾಕಿ, ಮತಪತ್ರ ತೆಗೆದುಕೊಂಡು ರಟ್ಟಿನ ಮರೆಗೆ ಹೋದಳು. ಕಣ್ಣು ಕಾಣದವರ, ಕೈ ಆಡದವರ ಪರವಾಗಿ ಜೊತೆಗಾರರು ಮುದ್ರೆ ಒತ್ತಬಹುದು ಎಂಬ ನಿಯಮ ಇತ್ತು. ಜೊತೆಗಾರರಿಗೆ ಇಪ್ಪತ್ತೊಂದು ಆಗಿರಬೇಕು. ಅವತ್ತು ಬೇರೆ ಯಾರಿಗೂ ಜೊತೆಗಾರರಾಗಿರಬಾರದು. ಅಧಿಕಾರಿ ಆ ಫಾರಂ ಓದಿ ಹೇಳಿದರು. ನಾನು ಗೆರೆ ಎಳೆದು ಬರೆದ ಹಾಳೆ ಯಾತಕ್ಕೆ ಎಂದು ಆಗ ಅರ್ಥವಾಯಿತು.

ಎರಡನೆಯವರು ಬಂದರು. ಒಂದು ಕೈ ಮೋಟು, ಇನ್ನೊಂದು ಕೈ ನೆಟ್ಟಗಿದ್ದ ಮಧ್ಯವಯಸ್ಕ. ಜೊತೆಗಾರ ಸಹಿ ಹಾಕಿದ, ಕಾಗದ ತೆಗೆದುಕೊಂಡ, ಮರೆಗೆ ಹೋದ. ಆತ ಇತ್ತಕಡೆ ನಿಂತು ತನ್ನ ಬೆರಳಿನ ಮಸಿ ನೋಡಿಕೊಳ್ಳುತ್ತಿದ್ದ. ಮೂರನೆಯವರದು ಬರೀ ಕುಂಟು ಕಾಲು. ಮೇಷ್ಟ್ರ ಕಡೆ ನೋಡಿದೆ. ಅವರು ಪಟ್ಟಿಯೊಳಗೆ ಮುಖ ಹುದುಗಿಸಿದ್ದರು. ಅವರ ಕಡೆಯವರೂ ಹಣ್ಣು ಮುದುಕರನ್ನು ಹೀಗೇ ಜೋಡಿ ಮಾಡಿ ತಂದಿದ್ದರು. ನೀನು ಸುಮ್ಮನಿದ್ದರೆ ನಾನೂ ಸುಮ್ಮನಿರುತ್ತೇನೆ ಎಂಬ ಒಪ್ಪಂದ ಬಾಯಿಬಿಡದೆಯೇ ಆಗಿಹೋಗಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಟೈಲರ್ ಬಂದಳು. ಬಾಗಿಲ ತನಕ ಆ ಹೆಂಗಸು ಎತ್ತಿಕೊಂಡು ಬಂದು ಇಳಿಸಿದಳು. ಅಲ್ಲಿಂದ ತನ್ನ ಕೈಯಿಂದಲೇ ನೆಲ ಒತ್ತುತ್ತ ಒಳಗೆ ಬಂದಳು. ಇಸ್ತ್ರಿ ಮಾಡಿದ ಸೀರೆ, ಹೊಸ ರವಿಕೆ, ತಲೆ ತುಂಬ ಎಣ್ಣೆ. ನನ್ನನ್ನು ಕಂಡು ಮುಖ ಅರಳಿತು. ಬೆರಳಿಗೆ ಮಸಿ ಹಾಕಿಸಿಕೊಂಡಳು. ಮತಪತ್ರಕ್ಕೆ ಕೈ ಚಾಚಿದಳು. ಅಷ್ಟರಲ್ಲಿ ಜೊತೆಗಿದ್ದವಳು ಮೇಲಿನಿಂದಲೇ ಅದನ್ನು ಈಸಿಕೊಂಡಳು.

"ಇಲ್ಲಿ ಕೊಡವ್ವ, ನಾನೇ ಆಕ್ತೀನಿ."

"ಮೇಜು ಎತ್ತರ ಅಕ್ಕ, ನಿಮಗೆಲ್ಲಿ ಸಿಗುತ್ತೆ? ನಾನು ಒತ್ತಿಬಿಡ್ತೀನಿ ಬಿಡಿ."

"ನೆಲದ ಮ್ಯಾಲೆ ಇಟ್ಕಂಡು ಒತ್ತುತೀನಿ. ಕೊಡವ್ವ."

ಸಾಲಿನಲ್ಲಿದ್ದವರು ಗೊಣಗತೊಡಗಿದರು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇವರಿಗೆ ಕಣ್ಣು, ಕೈ ಎಲ್ಲ ಸರಿಯಿದೆಯಲ್ಲಮ್ಮ. ಜೊತೆಗಾರರು ಯಾಕೆ?" ಎಂದು, ನಮ್ಮತ್ತ ತಿರುಗಿದರು. "ಏಜೆಂಟರು ಏನಂತೀರಿ? ಅಭ್ಯಂತರ ಇದೆಯಾ?"

ಟೈಲರ್ ಅಧಿಕಾರಿಗೆ ನನ್ನನ್ನು ತೋರಿಸಿ, "ಅವ್ರನ್ನ ಕೇಳಿ ಸ್ವಾಮಿ. ಅವ್ರಿಗೆ ಎಲ್ಲ ಗೊತ್ತು," ಎಂದಳು. ನೆಮ್ಮದಿಯಿಂದ ಹೇಳಿದಳು. ಗೆದ್ದೆ ಎಂದುಕೊಂಡೇ ಹೇಳಿದಳು.

ಬಾಗಿಲ ಹತ್ತಿರ ಕಾರ್ಯದರ್ಶಿ ಬಂದು ನಿಂತಿದ್ದ. ಕಣ್ಣು ಕೆಕ್ಕರಿಸಲಿಲ್ಲ, ತಲೆ ಆಡಿಸಲಿಲ್ಲ. ಸುಮ್ಮನೆ ನನ್ನನ್ನೇ ನೋಡುತ್ತಿದ್ದ. ಇದೆ ಎಂದರೆ ನಾಳೆಯಿಂದ ಡಿಪೋ ಇಲ್ಲ, ಅಕ್ಕ ಎಂದು ಕರೆಯುವವರಿಲ್ಲ, ಜ್ವರ ಬಂದರೆ ಕೇಳುವವರಿಲ್ಲ. ಮತ್ತೆ ಆ ಮಧ್ಯಾಹ್ನಗಳು. ಇಷ್ಟನ್ನೂ ನಾನು ಯೋಚಿಸಿದೆ. ಯೋಚಿಸಲು ಸಮಯ ಸಿಗಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಬೇಕಾದಷ್ಟು ಸಮಯ ಇತ್ತು.

"ಅಭ್ಯಂತರ ಇಲ್ಲ ಸಾರ್," ಎಂದೆ.

ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ತಲೆ ಎತ್ತಲಿಲ್ಲ. ಮುದ್ರೆ ಮೇಜಿಗೆ ಬಡಿದ ಸದ್ದು ಕೇಳಿತು. ಆಮೇಲೆ ಕಾಗದ ಪೆಟ್ಟಿಗೆಯೊಳಗೆ ಬಿದ್ದ ಸದ್ದು. ಆಮೇಲೆ ಅವಳ ಕೈಗಳು ನೆಲ ಒತ್ತುತ್ತ ಬಾಗಿಲಿಗೆ ಹೋದ ಸದ್ದು. ನನ್ನ ವೋಟನ್ನು ನಾನು ಊಟದ ಹೊತ್ತಿನಲ್ಲಿ, ಸಾಲು ಖಾಲಿಯಿದ್ದಾಗ, ಎದ್ದು ಹೋಗಿ ಹಾಕಿದೆ. ನಿಮಗೆ ಜೊತೆಗಾರರು ಬೇಕೇ ಎಂದು ಯಾರೂ ಕೇಳಲಿಲ್ಲ.

ಗೆದ್ದೆವು. ಪೇಟೆಯ ಬೀದಿಯಲ್ಲಿ ತಮಟೆ ಬಡಿದರು. ವಿಜಯದ ಸಭೆಯಲ್ಲಿ ನನ್ನನ್ನು ವೇದಿಕೆಗೆ ಎತ್ತಿ ಕೂರಿಸಿ ಹಾರ ಹಾಕಿದರು. ನಮ್ಮ ಅಂಗವಿಕಲ ಬಂಧುಗಳು ಒಬ್ಬರೂ ಬಿಡದೆ ಬಂದು ಮತ ಹಾಕಿದರು ಎಂದು ಕಾರ್ಯದರ್ಶಿ ಮೈಕಿನಲ್ಲಿ ಹೇಳಿದಾಗ ಚಪ್ಪಾಳೆ ಬಿತ್ತು. ಸೇವಂತಿಗೆ ಹಾರದಲ್ಲಿ ಇರುವೆಗಳಿದ್ದವು. ಕುತ್ತಿಗೆ ಕಡಿಯುತ್ತಿದ್ದರೂ ತೆಗೆಯದೆ ಕೂತಿದ್ದೆ.

ಮುಂದಿನ ತಿಂಗಳು ಸಂಘದ ಮೊದಲ ಸಭೆ ಎಂದು ಹದಿನೇಳು ಜನಕ್ಕೂ ಪತ್ರ ಬರೆದೆ. ಮೆಟ್ಟಿಲ ತಂಟೆ ಬೇಡವೆಂದು ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಜಾಗ ಗೊತ್ತು ಮಾಡಿದ್ದೆ. ಮಧ್ಯಾಹ್ನದ ತನಕ ಕಾದೆ. ಕಣ್ಣಿಲ್ಲದ ಅಜ್ಜಿ ಮಾತ್ರ ಮೊಮ್ಮಗಳ ಕೈ ಹಿಡಿದು ಬಂದಳು. ಅವಳಿಗೆ ಯಾವ ಬೇಸರವೂ ಇರಲಿಲ್ಲ. "ಅವತ್ತು ಸುಕವಾಗಿ ಕರ್ಕಂಡ್ ಓಗಿ ಕರ್ಕಂಡ್ ಬಂದ್ರು ಕಣವ್ವ, ಇವತ್ತೂ ಎಲ್ಲಿಗಾದ್ರೂ ಕರ್ಕಂಡ್ ಓಗ್ತೀರಾ?" ಎಂದು ಕೇಳಿದಳು. ಉಳಿದವರ ಮನೆಗಳಿಗೆ ಹೋದೆ. ಅದೇ ಜಗಲಿ, ಅದೇ ಕ್ಯಾಲಿಪರ್. ನೀರು ಕೊಟ್ಟರು, ಬಾಗಿಲಿಂದಾಚೆಗೆ ಕರೆಯಲಿಲ್ಲ. ಕುಂಬಾರರ ಬೀದಿಗೆ ಮಾತ್ರ ಹೋಗಲಿಲ್ಲ. ಬೀದಿಯ ತಿರುವಿನ ತನಕ ಹೋಗಿ, ನನ್ನ ಸದ್ದು ಅವಳಿಗೆ ಕೇಳಿಸೀತು ಎಂದು ಹಿಂತಿರುಗಿ ಬರುತ್ತಿದ್ದೆ.

ಇಳಿಜಾರಿನ ಮಾತು ತೆಗೆದಾಗ ಕಾರ್ಯದರ್ಶಿ, "ಇಳಿಜಾರ್ ಮಾಡ್ಬುಟ್ರೆ ನೀವೆಲ್ಲ ನೀವೇ ಬತ್ತೀರಿ. ಆಮೇಲ್ ನಮ್ಗೇನ್ ಕೆಲ್ಸ ಅವ್ವ?" ಎಂದು ನಕ್ಕ. ಸುತ್ತಲಿದ್ದವರೂ ನಕ್ಕರು. ಅವತ್ತೇ ಡಿಪೋ ಬಿಟ್ಟೆ. ಬಿಟ್ಟದ್ದಕ್ಕೆ ಯಾರೂ ನನ್ನನ್ನು ಕೇಳಿಕೊಂಡು ಬರಲಿಲ್ಲ. ಯಾವುದಕ್ಕೆ ಹೆದರಿ ಆ ಮಾತು ಆಡಿದೆನೋ ಅದು ಹೇಗೂ ಬಂತು. ಒಬ್ಬಳೇ ಕೂತು ಅರ್ಜಿ ಬರೆಯತೊಡಗಿದೆ. ಶಾಲೆಗೆ, ಅಂಚೆ ಕಚೇರಿಗೆ, ಆಸ್ಪತ್ರೆಗೆ, ಇಳಿಜಾರು ಬೇಕು, ಹಿಡಿದುಕೊಳ್ಳಲು ಕಂಬಿ ಬೇಕು ಎಂದು. ಈ ಸಲ ಪ್ರತಿ ಅರ್ಜಿಯನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ನಾನೇ ಕಳಿಸಿದೆ. ಎರಡು ವರ್ಷದ ಮೇಲೆ, ಮತ್ತೆ ಚುನಾವಣೆ ಎನ್ನುವಾಗ, ಕೊನೆಗೂ ಒಂದು ಉತ್ತರ ಬಂತು. ಶಾಲೆಯ ಮೆಟ್ಟಿಲಿಗೆ ಮತದಾನದ ದಿನ ಹಲಗೆ ಹಾಸುತ್ತೇವೆ, ಬೇಕಾದವರಿಗೆ ತಗ್ಗಿನ ಮೇಜು ಇಡುತ್ತೇವೆ ಎಂದು ಸಹಿ, ಮೊಹರು ಎಲ್ಲ ಇದ್ದ ಪತ್ರ.

ಆ ಪತ್ರ ಇಟ್ಟುಕೊಂಡು ಹೊಸ ಮತದಾರರ ಪಟ್ಟಿ ನೋಡಲು ಹೋದೆ. ಕುಂಬಾರರ ಬೀದಿಯ ಹಾಳೆ ತಿರುವಿದೆ. ಅಣ್ಣನ ಹೆಸರಿತ್ತು, ಅತ್ತಿಗೆಯ ಹೆಸರಿತ್ತು. ಅವಳ ಹೆಸರಿರಲಿಲ್ಲ. ಸತ್ತೇಹೋದಳೇನೋ ಎಂದುಕೊಂಡು, ಎರಡು ವರ್ಷ ಹೋಗದ ಬೀದಿಗೆ ಅದೇ ಕಾಲಲ್ಲಿ ಹೋದೆ.

ಮೆಷಿನ್ ಸದ್ದು ತಿರುವಿಗೇ ಕೇಳಿಸಿತು. ಅದೇ ಮೂಲೆಯಲ್ಲಿ ಕೂತು ತೋಳಿಗೆ ಅಂಚು ಕೂರಿಸುತ್ತಿದ್ದಳು. "ಬಾ, ಕುಂತ್ಕೊ," ಎಂದಳು, ನಿನ್ನೆ ಬಂದು ಹೋದವಳಿಗೆ ಹೇಳುವ ಹಾಗೆ.

"ಅಕ್ಕ, ಪಟ್ಟೀಲಿ ನಿಮ್ಮ ಹೆಸರು ಬಿಟ್ಟುಹೋಗಿದೆ. ಇನ್ನೂ ಟೈಮಿದೆ, ಫಾರಂ ತಂದಿದ್ದೀನಿ. ಈ ಸಲ ಹಲಗೆ ಹಾಸ್ತಾರೆ, ತಗ್ಗಿನ ಮೇಜು ಕೊಡ್ತಾರೆ. ನೋಡಿ, ಬರೆದುಕೊಟ್ಟಿದ್ದಾರೆ. ಯಾರೂ ಎತ್ಕೊಂಡು ಹೋಗೋದು ಬೇಡ."

ಅವಳು ಪತ್ರ ಈಸಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕೈಗೇ ಕೊಟ್ಟಳು.

"ಬಿಟ್ಟೋಗಿಲ್ಲ. ಪಟ್ಟಿ ಬರ್ಕಳಕ್ ಬಂದಿದ್ ಇಸ್ಕೂಲ್ ಮೇಷ್ಟ್ರಿಗೆ ನಾನೇ ಯೋಳ್ದೆ, ಅವ್ಳು ಊರ್ ಬುಟ್ಟು ಓದ್ಳು ಅಂತ ಬರ್ಕಳಿ ಅಂತ. ಎಸ್ರಿದ್ರೆ ತಾನೆ ಇನ್ನೊಬ್ರು ಬಂದು ಆಕೋದು?"

ತಪ್ಪಾಯಿತು ಎಂದೆ. ಎರಡು ವರ್ಷದಿಂದ ಹೇಳಬೇಕಾಗಿದ್ದ ಮಾತು, ಹೇಳಿದಾಗ ಏನೂ ಆಗಲಿಲ್ಲ. ಅವಳು ಅಂಚು ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದಳು.

"ಬೇಜಾರ್ ಏನ್ ಗೊತ್ತಾ? ನಾನು ನಿಮ್ಮೋರಿಗೇ ಆಕ್ಬೇಕು ಅಂತ ಬಂದಿದ್ದೆ ಕಣೆ. ನೀನ್ ಅಲ್ಲಿದ್ಯಲ್ಲ ಅಂತ."

ಆಮೇಲೆ ಇನ್ನೊಂದು ತೋಳು ಕೈಗೆತ್ತಿಕೊಂಡು ಮೆಷಿನ್ ತಿರುಗಿಸಿದಳು. ನಾನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಅವಳು ಏಳು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ.